ಮಾವನ ಮನೆಯ ಲಿನಕ್ಸ್

ಕಂಪ್ಲಿಯಲ್ಲಿ ಮಾವನ ಮನೆ ಅಂಗಳದಲ್ಲಿ ಭತ್ತದ ರಾಶಿ ಬಿದ್ದಿತ್ತು. ಕಾಯಲು ಮಾವ ಇದ್ದರು, ನಾಯಿ ಇತ್ತು, ದೊಣ್ಣೆ ಇತ್ತು. ಇಷ್ಟು ಸಾಲದೆಂದು ತೀರ್ಮಾನಿಸಿದವನು ನಾನು, ಹೊಸಪೇಟೆಯ ಅಳಿಯ. ಪಡಸಾಲೆಯ ಜಂತಿಗೆ ಕ್ಯಾಮೆರಾವೊಂದನ್ನು ತಲೆಕೆಳಗಾಗಿ ಬಿಗಿದು, ಅದರ ವೈರನ್ನು ಇಸ್ಪೀಟು ಕಟ್ಟಿನಷ್ಟಿರುವ ರಾಸ್ಪ್‌ಬೆರಿ ಪೈ 4 ಎಂಬ ಕಂಪ್ಯೂಟರಿಗೆ ಚುಚ್ಚಿದೆ. ಒಳಗೆ ಲಿನಕ್ಸ್. ಪರದೆಯಿಲ್ಲ, ಕೀಬೋರ್ಡಿಲ್ಲ. ಕಾಕ್‌ಪಿಟ್ ಎಂಬ ತಂತ್ರಾಂಶ ಹಾಕಿ, ಮೇಲೊಂದು ವಿಪಿಎನ್ ಸುತ್ತಿದ್ದೆ. ಬ್ರೌಸರಿನಲ್ಲಿ ವಿಳಾಸ ಬರೆದು ಕೊನೆಗೆ 9090 ಸೇರಿಸಿದರೆ ಸಾಕು, ಡಬ್ಬಿಯ ನಾಡಿ, ಜ್ವರ ಎಲ್ಲ ಕೂತಲ್ಲೇ ಸಿಗುತ್ತದೆ.

"ಡಬ್ಬಿ ಚಲೋ ಐತಿ ಅಳಿಯಂದ್ರ. ಕಳ್ಳ ಬಂದ್ರ ಕಡೀತೈತೇನ್ರಿ?" ಎಂದರು ಮಾವ.

ಮರುವಾರ ಸಂಡೂರಿನ ಷಡ್ಡಕ ಸಂಸಾರ ಸಮೇತ ಹಂಪಿಗೆ ಬಂದ. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಒಂಬತ್ತು ಅಂತಸ್ತಿನ ಗೋಪುರವನ್ನು ಗೋಡೆ ಮೇಲೆ ತಲೆಕೆಳಗು ಮಾಡಿ ನಿಲ್ಲಿಸಿತ್ತು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ನನ್ನ ಹೊಟ್ಟೆಯೊಳಗೆ ಏನೋ ಆಯಿತು. ವೈರಿಲ್ಲದ ಕಿಂಡಿಗೇ ಇಷ್ಟು ಮರ್ಯಾದೆ!

"ಇದೇನ್ ಮಹಾ, ಇಲ್ಲೇ ನಿಂತು ಕಂಪ್ಲಿ ರಾಶಿ ತೋರಸ್ತೀನಿ ಬಾ" ಎಂದು ಫೋನ್ ತೆಗೆದೆ.

ಚಿತ್ರ ಬರಲಿಲ್ಲ, ಚಕ್ರ ಗಾಣದಂತೆ ತಿರುಗುತ್ತಲೇ ಇತ್ತು. ಕಾಕ್‌ಪಿಟ್ ತೆರೆದೆ. ಈ ಸಂಪರ್ಕ ಸುರಕ್ಷಿತವಲ್ಲ ಎಂದಿತು ಬ್ರೌಸರು.

"ಬ್ಯಾಡ ಅಂತೈತಲ್ಲೋ" ಎಂದ ಷಡ್ಡಕ.

"ಅದು ಗೊತ್ತಿಲ್ಲದೋರಿಗೆ" ಎಂದು ಒಳನುಗ್ಗಿದೆ. ರೀಬೂಟ್ ಒತ್ತಿದರೆ ಮುಗಿಯಿತು. ಆದರೆ ಆ ಗುಂಡಿಯ ಮಗ್ಗುಲಲ್ಲೇ ಒಂದು ಬಾಣವಿದೆ, ಅದರಡಿ ಶಟ್‌ಡೌನ್ ಅಡಗಿ ಕೂತಿರುತ್ತದೆ. ಕುಂಕುಮ ಹತ್ತಿದ್ದ ನನ್ನ ಹೆಬ್ಬೆರಳು ಅದನ್ನೇ ಹುಡುಕಿಕೊಂಡು ಹೋಯಿತು. ನಿಜವಾಗಿಯೂನಾ ಎಂದು ಅದು ಇನ್ನೊಮ್ಮೆ ಕೇಳಿತು. ಹೌದಪ್ಪಾ ಎಂದೆ.

ಮಲಗಿದ ಪೈಯನ್ನು ಬ್ರೌಸರಿನಿಂದ ಎಬ್ಬಿಸಲಾಗದು. ಎಬ್ಬಿಸಬೇಕಾದ ಕಾಕ್‌ಪಿಟ್ಟೂ ಅದರ ಹೊಟ್ಟೆಯಲ್ಲೇ ಮಲಗಿರುತ್ತದೆ. ಪೈ ಹಲಗೆಗೆ ಪವರ್ ಗುಂಡಿ ಬಂದದ್ದು 2023ರ ಪೈ 5ರಲ್ಲಿ, ನನ್ನದು ನಾಲ್ಕು. ಮಾವನಿಗೆ ಫೋನ್ ಮಾಡಿದೆ.

"ಮಾವ, ಡಬ್ಬಿ ವೈರ್ ಕಿತ್ತು ಮತ್ತ ಹಾಕ್ರಿ."

"ಕಿತ್ತೆ… ಹಾಕಿದೆ."

"ಏನರ ಬಂತೇನ್ರಿ?"

"ಟಣ್ ಅಂತು. ಮಿಂಚಿನ ಗುರ್ತು ಬಂತು."

ಪೈಗೆ ಕರೆಂಟು ಸಾಲದಾದರೆ ಪರದೆ ಮೇಲೆ ಮಿಂಚಿನ ಚಿತ್ರ ಬರುತ್ತದೆಂದು ಓದಿಕೊಂಡಿದ್ದೆ. "ವೋಲ್ಟೇಜ್ ಇಳಿದೈತಿ" ಎಂದು ಷಡ್ಡಕನಿಗೆ ಪಾಠ ಮಾಡಿ, ಅವನ ಫೋನಿನಲ್ಲೂ ಕ್ಯಾಮೆರಾ ಕಾಣುವಂತೆ ಮಾಡಿಕೊಟ್ಟು, ಬಸ್ ಹತ್ತಿದೆ. ಡಬ್ಬಿಗೆ ಪರದೆಯೇ ಇಲ್ಲವೆಂಬುದು ನೆನಪಾದದ್ದು ಬುಕ್ಕಸಾಗರ ದಾಟಿದ ಮೇಲೆ.

ಮಾವ ರಾಶಿ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಡಬ್ಬಿಯ ಟೈಪ್-ಸಿ ವೈರು ಅವರ ಫೋನಿನ ಬುಡದಲ್ಲಿತ್ತು.

"ಹಾಕ್ರಿ ಅಂದ್ರಿ, ಎಲ್ಲಿಗೆ ಅನ್ನಲಿಲ್ಲ. ನನ್ನ ಫೋನೂ ಸಾಯಾಕ ಬಂದಿತ್ತು. ಈಗ ನೂರಾಗೈತಿ ನೋಡ್ರಿ."

ವೈರನ್ನು ಡಬ್ಬಿಗೆ ಚುಚ್ಚಿದೆ. ಹಸಿರು ದೀಪ ಮಿಣುಕಿತು. ಸ್ವಲ್ಪ ಹೊತ್ತಿಗೆ ಷಡ್ಡಕನ ಫೋನು.

"ಬಂತೋ! ಆದ್ರ ಮಾವ, ನೀ ಇಬ್ಬರೂ ಬಾವಲಿ ಹಂಗ ಜೋತುಬಿದ್ದೀರಿ."

ಚಿತ್ರವನ್ನು ನೆಟ್ಟಗೆ ತಿರುಗಿಸಿದ್ದ ಆಜ್ಞೆಯನ್ನು ನಾನು ಉಳಿಸಿಯೇ ಇರಲಿಲ್ಲ. ಡಬ್ಬಿ ಮಲಗಿ ಎದ್ದು ಮರೆತಿತ್ತು.

"ಇರಲಿ ಬಿಡು," ಎಂದ ಅವನು, "ಗುಡಿಯಾಗಿನ ಗೋಪುರಕ್ಕಿಂತ ಕ್ಲಿಯರ್ ಐತಿ."