ಲೇತು, ಲಾಗ್ ಟೇಬಲ್ಲು ಮತ್ತು ಬ್ಲೂ ಟಿಕ್ಕು

ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವವರು ನೀರು, ಗಾಳಿ, ಬೆಳಕು ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕೆಳಗಡೆ ಏನಿದೆ? ಕಿರಾಣಿ ಅಂಗಡಿಯಾದರೆ ಪುಣ್ಯ. ಲೇತ್ ಶಾಪಾದರೆ ಹೇಗೋ ಹೊಂದಿಕೊಳ್ಳಬಹುದು. ಪವರ್ ಪ್ರೆಸ್ಸಾದರೆ ಮಾತ್ರ ಗೋಡೆಯ ಮೇಲಿನ ಗಣಪತಿ ಫೋಟೊವನ್ನು ಆಗಾಗ ನೆಟ್ಟಗೆ ಮಾಡುತ್ತಿರಬೇಕಾಗುತ್ತದೆ. ಸುಂಕದಕಟ್ಟೆ ಕಡೆಯಿಂದ ಬನ್ನಿ, ಪೀಣ್ಯ ಎರಡನೇ ಹಂತದ ಕಡೆಯಿಂದ ಬನ್ನಿ, ಕಾಣುವುದು ಅದೇ. ಮೇಲಿನ ಮಹಡಿಯಲ್ಲಿ ಒಣಹಾಕಿದ ಸ್ಕೂಲ್ ಯೂನಿಫಾರಂ, ಕೆಳಗೆ ಅರ್ಧ ಎತ್ತಿದ ರೋಲಿಂಗ್ ಶಟರು, ಅದರೊಳಗೆ ಟ್ಯೂಬ್‌ಲೈಟಿನ ಕೆಳಗೆ ಒಂದೋ ಎರಡೋ ಯಂತ್ರ.

ಬೆಂಗಳೂರಿನ ಎಂಜಿನಿಯರ್ ಅಂದರೆ ಈಗ ಎಲ್ಲರ ಕಣ್ಣ ಮುಂದೆ ಬರುವುದು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ಕೊರಳಿಗೆ ಐಡಿ ಕಾರ್ಡು. ನಮ್ಮ ಕಡೆಯವರ ಕೊರಳಲ್ಲಿ ಕಾರ್ಡಿಲ್ಲ, ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲಿರುತ್ತದೆ. ಡಿಪ್ಲೊಮಾ ಮುಗಿಸಿ, ಯಾವುದೋ ದೊಡ್ಡ ಕಾರ್ಖಾನೆಯಲ್ಲಿ ಒಂದಷ್ಟು ವರ್ಷ ದುಡಿದು, ಪಿಎಫ್ ದುಡ್ಡು, ಹೆಂಡತಿಯ ಒಡವೆ, ಬ್ಯಾಂಕ್ ಸಾಲ ಎಲ್ಲ ಸೇರಿಸಿ ಒಂದು ಮಿಷಿನ್ನು ಹಾಕಿಕೊಂಡವರು. ಇವರೇ ಓನರು, ಇವರೇ ಡಿಸೈನರು, ಆಪರೇಟರ್ ಊರಿಗೆ ಹೋದ ದಿನ ಇವರೇ ಆಪರೇಟರು. ತಂತ್ರಜ್ಞಾನ ಮನುಷ್ಯನನ್ನು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಇವರನ್ನು ಕೇಳಬೇಕು. ಅದರ ಇಎಂಐ ಕಟ್ಟುತ್ತಿರುವವರು ಇವರು.

ಇವರಲ್ಲಿ ತೀರಾ ಹಿರಿಯರು ಸ್ಲೈಡ್ ರೂಲ್ ಕಂಡವರು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಜಾರುಪಟ್ಟಿ ಮುನ್ನೂರು ವರ್ಷ ಬಾಳಿತು. 1972ರಲ್ಲಿ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರ್ ಬಂದದ್ದೇ ತಡ, ಕೆಲವೇ ವರ್ಷಗಳಲ್ಲಿ ಜಾರುಪಟ್ಟಿ ಶೋಕೇಸು ಸೇರಿತು. ಹೊಸ ಯಂತ್ರದ ಬೆಲೆ ಆಗ 395 ಡಾಲರು. ಅಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ತಿರ ಇತ್ತು? ಇನ್ನೂ ಬಹಳ ಕಾಲ ನಮಗೆ ಕ್ಲಾರ್ಕ್ಸ್ ಟೇಬಲ್ ಎಂಬ ಲಾಗ್ ಪುಸ್ತಕವೇ ಗತಿಯಾಗಿತ್ತು. ಒಂದು ಟೇಪರಿನ ಕೋನ ಹಿಡಿಯಲು ಟ್ಯಾನ್ ನೋಡು, ಲಾಗ್ ನೋಡು, ಆಂಟಿಲಾಗ್ ನೋಡು, ಎಣ್ಣೆಯ ಬೆರಳಚ್ಚು ಬಿದ್ದ ಹಾಳೆಯಲ್ಲಿ 3 ಯಾವುದು 8 ಯಾವುದು ಎಂದು ದೀಪಕ್ಕೆ ಹಿಡಿದು ನೋಡು.

ಸ್ಲೈಡ್ ರೂಲಿಗೆ ಒಂದು ಒಳ್ಳೆಯ ಅವಗುಣ ಇತ್ತು. ದಶಮಾಂಶ ಬಿಂದು ಎಲ್ಲಿ ಎಂದು ಅದು ಹೇಳುತ್ತಿರಲಿಲ್ಲ. ಅದು ತೋರಿಸಿದ್ದು 2.4 ಇರಬಹುದು, 24 ಇರಬಹುದು, 240 ಇರಬಹುದು. ಚುಕ್ಕೆ ಇಡುವ ಕೆಲಸ ತಲೆಯದು. ಹಾಗಾಗಿ ಲೆಕ್ಕಕ್ಕೆ ಕೂರುವ ಮುಂಚೆಯೇ ಉತ್ತರ ಸುಮಾರು ಎಷ್ಟಿರಬೇಕು ಎಂಬ ಅಂದಾಜು ಬೇಕಿತ್ತು. ಈಗಿನ ಹುಡುಗರು ಎಂಟು ದಶಮಾಂಶ ಸ್ಥಾನದವರೆಗೆ ಬರೆದುಕೊಂಡು ಬರುತ್ತಾರೆ. ಸೈಕಲ್ ಪಂಪಿನ ರಾಡು ಬೆಸ್ಕಾಂ ಕಂಬದಷ್ಟು ದಪ್ಪ ಬಂದಿದ್ದರೂ ಅವರ ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ.

ಡ್ರಾಯಿಂಗ್ ಆಫೀಸಿನ ಮಾತು ಬೇರೆಯೇ. ಡ್ರಾಫ್ಟರ್ ಸಿಕ್ಕಿಸಿದ ಬೋರ್ಡು, ಟ್ರೇಸಿಂಗ್ ಪೇಪರು, ಇಂಕ್ ಪೆನ್ನು. ಗೆರೆ ತಪ್ಪಿದರೆ ಅರ್ಧ ಬ್ಲೇಡು ಹಿಡಿದು, ಉಸಿರು ಬಿಗಿಹಿಡಿದು ಇಂಕನ್ನು ಹೆರೆಯಬೇಕು. ಸ್ವಲ್ಪ ಹೆಚ್ಚಾದರೆ ಕಾಗದಕ್ಕೆ ತೂತು, ಎರಡು ದಿನದ ಕೆಲಸ ಮತ್ತೆ ಮೊದಲಿನಿಂದ. ಆಮೇಲೆ ಅದನ್ನು ಪ್ರಿಂಟಿಗೆ ಕೊಟ್ಟು ಕಾಯಬೇಕು. ಅಮೋನಿಯಾ ಪ್ರಿಂಟಿನ ಆ ಘಾಟಿಗೆ ಒಳಗೆ ನಿಲ್ಲಲಾಗದೆ ಎಲ್ಲರೂ ಹೊರಗೆ ಬಂದು ಬೈಟು ಕಾಫಿ ಹೇಳುತ್ತಿದ್ದರು. ಎಷ್ಟೋ ಡ್ರಾಯಿಂಗುಗಳ ತಪ್ಪು ಹೊಳೆದದ್ದು ಬೋರ್ಡಿನ ಮುಂದಲ್ಲ, ಆ ಕಾಫಿಯ ಅರ್ಧ ಲೋಟದಲ್ಲಿ. ಈ ಕಾಯುವ ಹೊತ್ತನ್ನು ಯಾರೂ ಕೆಲಸವೆಂದು ಎಣಿಸಲಿಲ್ಲ, ಸಂಬಳದಲ್ಲಿ ಹಿಡಿದುಕೊಂಡವರೂ ಇಲ್ಲ.

1982ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರಿನಲ್ಲೇ ಗೆರೆ ಎಳೆಯುವ ಆಟೋಕ್ಯಾಡ್ ಹುಟ್ಟಿತು, ನಿಧಾನವಾಗಿ ನಮ್ಮ ಕಡೆಗೂ ಬಂತು. ಬ್ಲೇಡಿನ ಗಾಯ ಮಾಯವಾಯಿತು, ಬದಲಿಗೆ ರಿವಿಷನ್ ಎಂಬ ರೋಗ ಹತ್ತಿತು. ಒಂದು ಗೆರೆ ಬದಲಿಸಲು ಎರಡು ದಿನ ಬೇಕಾಗಿದ್ದಾಗ ಕಸ್ಟಮರು ತನಗೆ ಏನು ಬೇಕೆಂದು ಮೊದಲೇ ಯೋಚಿಸಿ ಬರುತ್ತಿದ್ದ. ಈಗ ಎರಡು ನಿಮಿಷ ಸಾಕಲ್ಲ! ಆದ್ದರಿಂದ ಮೆಟೀರಿಯಲ್ ಕಟ್ ಮಾಡಿ ಮಿಷಿನ್ನಿಗೆ ಏರಿಸಿದ ಮೇಲೆ ಯೋಚಿಸಲು ಶುರುಮಾಡುತ್ತಾನೆ.

ಕಬ್ಬಿಣ ಕೆತ್ತುವ ವಿದ್ಯೆಗೆ ಈ ಊರಿನಲ್ಲಿ ಹಳೆಯ ಮನೆತನಗಳಿವೆ. ಸ್ವಿಸ್ ಕಂಪನಿ ಓರ್ಲಿಕಾನಿನ ಸಹಯೋಗದಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರದಲ್ಲಿ ಟೂಲ್ ತರಬೇತಿಯ ಜಿಟಿಟಿಸಿ. ಪೀಣ್ಯ ಬೆಳೆದದ್ದು ಈ ನೆರಳಿನಲ್ಲಿ. ಪೀಣ್ಯದಲ್ಲಿ ಜಾಗ ಸಿಗದವರು, ಸಿಕ್ಕರೂ ಬಾಡಿಗೆ ಕೊಡಲಾಗದವರು ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರಗಳ ಸೈಟುಗಳಲ್ಲಿ ಶೀಟು ಹೊದಿಸಿ ಕೂತರು. ಎಚ್‌ಎಂಟಿಯ ಎನ್‌ಎಚ್ 22 ಲೇತು ಒಂದು ಶಾಪಿನಲ್ಲಿದೆ ಎಂದರೆ ಹೆಣ್ಣು ಕೊಡಲು ಅಷ್ಟು ಸಾಕಿತ್ತು ಎಂದು ಹೇಳುವವರಿದ್ದಾರೆ. ಹೇಳುವವರೆಲ್ಲ ಗಂಡಿನ ಕಡೆಯವರು.

ಆ ಲೇತಿನ ಟರ್ನರುಗಳ ಕಿವಿಯೇ ಕಿವಿ. ಮೇಸ್ತ್ರಿಗಳು ಬೆನ್ನು ತಿರುಗಿಸಿಕೊಂಡು ಪೇಪರ್ ಓದುತ್ತಲೇ "ಲೇ, ಟೂಲ್ ಹೋಗಿದೆ, ಗ್ರೈಂಡ್ ಮಾಡ್ಕೋ" ಎನ್ನುತ್ತಿದ್ದರು. ಹೈಸ್ಪೀಡ್ ಸ್ಟೀಲಿನ ಟೂಲಿನಲ್ಲಿ ಚಿಪ್ಸು ನೀಲಿ ಬಣ್ಣಕ್ಕೆ ತಿರುಗಿದರೆ ಬಿಸಿ ಮೀರಿತು ಎಂದು ಅರ್ಥ. ಮೈಕ್ರೋಮೀಟರಿನ ಒಂದು ಗೀಟು ಅಂದರೆ 0.01 ಮಿಲಿಮೀಟರ್, ತಲೆಗೂದಲಿನ ದಪ್ಪದಲ್ಲಿ ಏಳೆಂಟು ಪಾಲಿಗೆ ಒಂದು ಪಾಲು. ಅಷ್ಟನ್ನು ಹ್ಯಾಂಡ್‌ವೀಲಿನ ಮೇಲೆ ಅಂಗೈ ತಟ್ಟಿ ತೆಗೆಯುವವರಿದ್ದರು.

ಈ ಕಿವಿ, ಈ ಅಂಗೈ ಎರಡಕ್ಕೂ ರಜೆ ಕೊಟ್ಟದ್ದು ಸಿಎನ್‌ಸಿ. ಅದರ ಮೂಲ ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನ ತಲೆಬಿಸಿಯಲ್ಲಿದೆ. ಹೆಲಿಕಾಪ್ಟರ್ ರೆಕ್ಕೆಯ ಬಾಗನ್ನು ಕೈಯಿಂದ ಹಿಡಿಯಲಾಗದೆ, ಅಂಕಿಗಳಿಂದಲೇ ಯಂತ್ರ ನಡೆಸಿದರೆ ಹೇಗೆ ಎಂದು ಆತ ಯೋಚಿಸಿದ. 1952ರಲ್ಲಿ ಎಂಐಟಿಯವರು ತೂತು ಹೊಡೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರ ತೋರಿಸಿದರು. ಇಂಥ ಯಂತ್ರಗಳನ್ನು ಕಟ್ಟುವ ಪೀಣ್ಯದ ಏಸ್ ಡಿಸೈನರ್ಸ್ ಹುಟ್ಟಿದ್ದು 1979ರಲ್ಲಿ. ಸಿಎನ್‌ಸಿ ಲೇತು ನಮ್ಮ ಓಣಿಗಳಿಗೂ ಬರುವಂತಾದದ್ದರಲ್ಲಿ ಇಂಥ ಊರಿನ ಕಂಪನಿಗಳ ಪಾಲು ದೊಡ್ಡದು. ಈಗ ಮೇಸ್ತ್ರಿ ಮಾಗಡಿಯವರು, ಆಪರೇಟರ್ ಒಡಿಶಾದ ಹುಡುಗ, ಇನ್‌ಸ್ಪೆಕ್ಷನ್ನಿಗೆ ಕೂತವಳು ಐಟಿಐ ಮಾಡಿದ ಹುಡುಗಿ. ಜಿ ಸೊನ್ನೆ ಒಂದು ಅಂದರೆ ನೇರ ಕಟ್ಟು, ಎಂ ಸೊನ್ನೆ ಎಂಟು ಅಂದರೆ ಕೂಲೆಂಟು ಆನ್. ಇಷ್ಟರಲ್ಲಿ ಸಂಸಾರ ನಡೆಯುತ್ತದೆ. ಬಾಗಿಲು ಮುಚ್ಚಿದ ಯಂತ್ರದೊಳಗೆ ಟೂಲ್ ಏನು ಹೇಳುತ್ತಿದೆ ಎಂದು ಯಾರಿಗೂ ಕೇಳಿಸದು, ಸ್ಕ್ರೀನಿನ ಮೇಲೆ ಸ್ಪಿಂಡಲ್ ಲೋಡು ಇಷ್ಟು ಪರ್ಸೆಂಟ್ ಎಂದು ಬರುತ್ತದೆ, ಅದನ್ನು ಓದಿಕೊಳ್ಳಬೇಕು. ಹಳಬರು ಇದಕ್ಕೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಬೆರಳು ಕಳೆದುಕೊಂಡ ಟರ್ನರುಗಳನ್ನು ನೋಡಿದ್ದೇನೆ, ಬಾಗಿಲು ಮುಚ್ಚಿರುವುದೇ ಒಳ್ಳೆಯದು.

ಆಯುಧಪೂಜೆಯ ದಿನ ಮಾತ್ರ ಈ ಬದಲಾವಣೆ ತೊಡಕಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಲೇತಿಗೆ ವಿಭೂತಿ ಎಲ್ಲಿ ಬಳಿದರೂ ನಡೆಯುತ್ತಿತ್ತು, ಚಕ್ಕಿಗೆ ಚೆಂಡುಹೂವಿನ ಹಾರ ಸರಿಯಾಗಿ ಕೂರುತ್ತಿತ್ತು. ಸಿಎನ್‌ಸಿಯ ಮುಂದೆ ಕುಂಕುಮದ ಬಟ್ಟಲು ಹಿಡಿದ ಹುಡುಗ ಅನುಮಾನಿಸುತ್ತಾನೆ. "ಅಣ್ಣಾ, ಸ್ಕ್ರೀನಿಗೆ ಇಡಲಾ, ಕೀಬೋರ್ಡಿಗೆ ಇಡಲಾ?" ಎಮರ್ಜೆನ್ಸಿ ಬಟನ್ನಿಗೆ ಇಡು ಎಂದು ಒಬ್ಬರು ಹೇಳಿದ್ದನ್ನು ಕೇಳಿದ್ದೇನೆ. ಅದು ಹೇಗೂ ಕೆಂಪಗಿದೆ, ಕಷ್ಟಕಾಲಕ್ಕೆ ಕೈಹಿಡಿಯುವ ದೇವರೂ ಅದೇ.

ಆದರೆ ಹೆಗ್ಗನಹಳ್ಳಿಯ ಎಂಜಿನಿಯರನ್ನು ನಿಜವಾಗಿ ಬದಲಿಸಿದ್ದು ಕ್ಯಾಲ್ಕುಲೇಟರೂ ಅಲ್ಲ, ಆಟೋಕ್ಯಾಡೂ ಅಲ್ಲ, ಸಿಎನ್‌ಸಿಯೂ ಅಲ್ಲ. ಅವೆಲ್ಲ ಕೆಲಸವನ್ನು ಬದಲಿಸಿದವು. ವಾಟ್ಸಾಪ್ ಅವನ ರಾತ್ರಿಯನ್ನೇ ಬದಲಿಸಿತು. ಮೊದಲು ಶಟರ್ ಎಳೆದರೆ ಶಾಪು ಮುಚ್ಚಿದಂತೆ. ಈಗ ಅದು ಜೇಬಿನಲ್ಲಿ ಮನೆಗೆ ಬರುತ್ತದೆ. ಮುದ್ದೆ ಮುರಿಯುವ ಹೊತ್ತಿಗೆ ಒಂದು ಫೋಟೊ ಬೀಳುತ್ತದೆ: ಓರೆಯಾಗಿ ಹಿಡಿದು ತೆಗೆದ ಡ್ರಾಯಿಂಗು, ಮುಖ್ಯವಾದ ಟಾಲರೆನ್ಸಿನ ಮೇಲೆ ಸರಿಯಾಗಿ ಯಾರದೋ ಹೆಬ್ಬೆರಳು. ಕೆಳಗೆ "ಅರ್ಜೆಂಟ್ ಸಾರ್, ನಾಳೆ ಬೆಳಿಗ್ಗೆ." ನೋಡಿದರೆ ಬ್ಲೂ ಟಿಕ್ಕು ಬೀಳುತ್ತದೆ, ನೋಡದಿದ್ದರೆ ಫೋನ್ ಬರುತ್ತದೆ. ಚಿಪ್ಸು ನೀಲಿಯಾದರೆ ಟೂಲ್ ಬದಲಿಸಬಹುದಿತ್ತು, ಈ ನೀಲಿಗೆ ಉಪಾಯ ಯಾವ ಹ್ಯಾಂಡ್‌ಬುಕ್ಕಿನಲ್ಲೂ ಇಲ್ಲ.

ಹೀಗೆ ಎಲ್ಲ ಕಡೆ ಕಾಯುವುದು ತಪ್ಪಿತು, ಒಂದು ಕಡೆ ಬಿಟ್ಟು. ಪ್ರಿಂಟಿಗೆ ಕಾಯಬೇಕಿಲ್ಲ, ಟ್ರಂಕ್ ಕಾಲಿಗೆ ಕಾಯಬೇಕಿಲ್ಲ, ಟೆಂಪೊಗೂ ಆಪ್ ಇದೆ. ಬಿಲ್ಲಿಗೆ ಮಾತ್ರ ಕಾಯಬೇಕು. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಮೂಲೆಯ ಟೀ ಅಂಗಡಿಯಲ್ಲಿ ಯುಪಿಐ ದುಡ್ಡು ಸೆಕೆಂಡಿನಲ್ಲಿ ಬಂದು ಬೀಳುತ್ತದೆ. ಆದರೂ ಕಸ್ಟಮರ್ ಅಕೌಂಟ್ಸ್‌ನವರು ಇನ್ನೂ ಅಮೋನಿಯಾ ಪ್ರಿಂಟಿನ ಕಾಲದಲ್ಲೇ ಇದ್ದಾರೆ. "ಸಾರ್ ಸೈನ್ ಆಗ್ಬೇಕು, ಸಾಹೇಬ್ರು ಟೂರಲ್ಲಿದಾರೆ."

ನೀವು ನಮ್ಮ ಕಡೆಯ ಯಾವುದಾದರೂ ಶಾಪಿಗೆ ಕೆಲಸ ಕೊಡುವವರಾದರೆ ಒಂದು ವಿನಂತಿ. ಫೋಟೊ ಹೊಡೆದು ಕಳಿಸಬೇಡಿ, ಪಿಡಿಎಫ್ ಕಳಿಸಿ. ಟಾಲರೆನ್ಸು, ಮೆಟೀರಿಯಲ್ಲು, ರಿವಿಷನ್ ನಂಬರು ಬರೆಯಿರಿ. ರಾತ್ರಿ ಒಂಬತ್ತರ ಮೇಲೆ "ಏನಾಯ್ತು ಸಾರ್" ಎಂದು ಕೇಳಬೇಡಿ. ಹಿಂದಿನ ಬಿಲ್ಲು ಪಾಸು ಮಾಡಿದ್ದರೆ ಮಾತ್ರ ಎಷ್ಟು ಹೊತ್ತಿಗಾದರೂ ಮೆಸೇಜು ಹಾಕಿ, ಎದ್ದು ಕೂತು ನೋಡುತ್ತಾರೆ.