ಉಳಿದ 4,964 ವಾಟ್ ಎಲ್ಲಿ?

ಬೆಂಗಳೂರಿನ ಒಂದು ಮನೆಯ ಹಾಲಿನಲ್ಲಿ ಜೋಡಿ ಬುಕ್‌ಶೆಲ್ಫ್ ಸ್ಪೀಕರ್‌ಗಳು ಬಂದ ದಿನದಿಂದ ಸುಮ್ಮನೆ ಕೂತಿವೆ. ಪ್ಯಾಸಿವ್ ಜಾತಿ, ಹೊಟ್ಟೆಯೊಳಗೆ ಆಂಪ್ಲಿಫೈಯರ್ ಇಲ್ಲ, ಬೇರೆಯವರು ಕರೆಂಟು ಕೊಡದೆ ತುಟಿ ಬಿಚ್ಚುವುದಿಲ್ಲ. ಯಜಮಾನರು ಆಂಪ್ಲಿಫೈಯರ್ ಹುಡುಕುತ್ತಲೇ ಇದ್ದಾರೆ. ಸಂದರ್ಶನಕ್ಕೆಂದು ನಾವೇ ಒಂದು ಹಳೆಯ ಸೆಟ್ಟನ್ನು ಎರವಲು ತಂದು ತಂತಿ ಸಿಕ್ಕಿಸಿದೆವು.

ಇಷ್ಟು ದಿನ ಮೌನವ್ರತ ಯಾಕೆ?

ಎಡ: ಯಜಮಾನರಿಗೆ ವಾಟ್ ಹುಚ್ಚು. ಅವರ ಭಾವಮೈದುನನ ಸೆಟ್ಟಿನ ಡಬ್ಬದ ಮೇಲೆ ‘5,000 ವಾಟ್ ಪಿಎಂಪಿಒ’ ಅಂತ ಇದೆಯಂತೆ. ಅದಕ್ಕಿಂತ ಕಡಿಮೆ ತಂದರೆ ಮರ್ಯಾದೆ ಏನು ಉಳಿಯಿತು? ಆ ಸೆಟ್ಟಿನ ಅಡಾಪ್ಟರ್ ಮೇಲಿರುವುದು 12 ವೋಲ್ಟ್, 3 ಆಂಪಿಯರ್. ಗುಣಿಸಿದರೆ 36 ವಾಟ್. ಉಳಿದದ್ದು ಎಲ್ಲಿಂದ ಬರುತ್ತದೋ, ಸ್ಟಿಕ್ಕರ್ ಅಂಟಿಸಿದವರನ್ನೇ ಕೇಳಬೇಕು.

ಆರ್‌ಎಂಎಸ್ ವಾಟ್ ಆದರೂ ನಿಜ ಹೇಳುತ್ತದಲ್ಲ?

ಬಲ: ಹರಿಶ್ಚಂದ್ರ ಅಂದುಕೊಳ್ಳಬೇಡಿ. ಕೆಳಗಿನ ಸಣ್ಣಕ್ಷರ ಓದಿ: ‘6 ಓಮ್, 1 ಕಿಲೋಹರ್ಟ್ಸ್, ಶೇ. 10 ಡಿಸ್ಟಾರ್ಷನ್, ಒಂದು ಚಾನೆಲ್’. ಅಂದರೆ ಒಂದೇ ಸ್ವರ, ಅದೂ ಒಡಕು ದನಿಯಲ್ಲಿ, ನಮ್ಮಿಬ್ಬರಲ್ಲಿ ಒಬ್ಬರನ್ನು ಬಾಗಿಲಾಚೆ ನಿಲ್ಲಿಸಿ ಅಳೆದ ಲೆಕ್ಕ. ಎರಡೂ ಚಾನೆಲ್, 8 ಓಮ್, 20ರಿಂದ 20,000 ಹರ್ಟ್ಸ್‌ವರೆಗೆ 40 ವಾಟ್ ಅಂತ ಬರೆದುಕೊಂಡವನಿದ್ದರೆ ಕೈಮುಗಿಯಿರಿ. ಅಮೆರಿಕದಲ್ಲಿ ಈ ಬುರುಡೆ ಎಷ್ಟು ಬೆಳೆದಿತ್ತೆಂದರೆ, ವಾಟ್ ಹೇಗೆ ಅಳೆದು ಹೇಳಬೇಕೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮವನ್ನೇ ತರಬೇಕಾಯಿತು.

ನಿಮಗೆ ನಿಜಕ್ಕೂ ಎಷ್ಟು ಬೇಕು?

ಎಡ: ಬೆನ್ನ ಮೇಲೆ ಬರೆದಿದೆ, ಯಾರೂ ತಿರುಗಿಸಿ ನೋಡಿಲ್ಲ. ಸೆನ್ಸಿಟಿವಿಟಿ 86 ಡೆಸಿಬಲ್. 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಇಬ್ಬರಿಗೂ ಒಂದೊಂದು ವಾಟ್ ಕೊಟ್ಟರೆ ಸೋಫಾದಲ್ಲಿ ಕೂತವರಿಗೆ 80 ದಾಟುತ್ತದೆ. ಅಮ್ಮಾವ್ರು ಅಡುಗೆಮನೆಯಿಂದ ‘ಸ್ವಲ್ಪ ಕಮ್ಮಿ ಮಾಡ್ರೀ’ ಅನ್ನುವುದು ಅಲ್ಲೇ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶಕ್ಕೆ ಸರ್ಕಾರ ಹಾಕಿರುವ ಮಿತಿಯೇ 45 ಡೆಸಿಬಲ್. ತನಿ ಆವರ್ತನದಲ್ಲಿ ಮೃದಂಗದ ಮುಕ್ತಾಯ ಬಂದಾಗ ಕ್ಷಣಮಾತ್ರ ಹತ್ತಿಪ್ಪತ್ತು ಪಟ್ಟು ಬೇಕಾಗುತ್ತದೆ, ಒಪ್ಪುತ್ತೇನೆ. ಅದಕ್ಕೆ ಪ್ರಾಮಾಣಿಕ 50 ಧಾರಾಳ. ಯಜಮಾನರು 100 ತಂದರೆ ಸದ್ದು ಇಮ್ಮಡಿ ಅಂದುಕೊಂಡಿದ್ದಾರೆ. ಹೆಚ್ಚುವುದು 3 ಡೆಸಿಬಲ್. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು.

ಜಾತ್ರೆಯಲ್ಲಿ ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡೇ ಊರಿಗೆಲ್ಲ ಕೇಳಿಸುತ್ತಿದ್ದರಲ್ಲ?

ಬಲ: ಅವನು ನಮ್ಮ ದೊಡ್ಡಪ್ಪ, ಮೈಕ್‌ಸೆಟ್ಟಿನ ಹಾರ್ನ್. 1 ವಾಟ್‌ಗೇ 100 ಡೆಸಿಬಲ್ ದಾಟುವ ಗಂಟಲು. ತೆಂಗಿನಮರಕ್ಕೆ ಕಟ್ಟಿ 30 ವಾಟ್ ಕೊಟ್ಟರೆ ಪಕ್ಕದೂರಿನವರೂ ಏಳುತ್ತಾರೆ. ಬೇಸ್ ಮಾತ್ರ ಅವನ ಹತ್ತಿರ ಕೇಳಬೇಡಿ. ಸಣ್ಣ ಡಬ್ಬದೊಳಗಿಂದ ಬೇಸ್ ಬರಬೇಕೆಂದರೆ ಸೆನ್ಸಿಟಿವಿಟಿ ಬಿಟ್ಟುಕೊಡಲೇಬೇಕು. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೂರಲೆಂದು ಬಿಬಿಸಿ ರೂಪಿಸಿದ ಎಲ್‌ಎಸ್3/5ಎ ನಮ್ಮ ಕುಲದಲ್ಲಿ ದೊಡ್ಡ ಹೆಸರು. ಅವರದೂ 83ರ ಆಸುಪಾಸು.

(ಎರವಲು ಸೆಟ್ಟು ಇಲ್ಲಿ ಕರಕರ ಎಂದಿತು. ವಾಲ್ಯೂಮ್ ತಗ್ಗಿಸಿ ಮುಂದುವರಿದೆವು.)

ಓಮ್ ಗಮನಿಸಬೇಕೆ?

ಎಡ: ವಾಟ್‌ಗಿಂತ ಮೊದಲು! ನಮ್ಮ ಬೆನ್ನಲ್ಲಿ 6 ಓಮ್ ಅಂತ ಇರುವುದು ಸಭಾಮರ್ಯಾದೆಯ ಮಾತು. ಕೆಲವು ಸ್ವರಗಳಲ್ಲಿ 4ಕ್ಕೆ ಇಳಿಯುತ್ತೇವೆ. ಆಗ ಅದೇ ವೋಲ್ಟೇಜಿಗೆ ಒಂದೂವರೆ ಪಟ್ಟು ಕರೆಂಟು ಎಳೆಯುತ್ತೇವೆ. ಪವರ್ ಸಪ್ಲೈ ಗಟ್ಟಿಯಾಗಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಬಿಸಿಯಾಗಿ ‘ಪ್ರೊಟೆಕ್ಷನ್’ ಅಂತ ಮಲಗಿಬಿಡುತ್ತದೆ. 8 ಓಮ್‌ಗೆ 50, 4 ಓಮ್‌ಗೆ 80 ಅಂತ ಎರಡನ್ನೂ ಬರೆದವನನ್ನು ನಂಬಬಹುದು. 4ರ ಸುದ್ದಿಯನ್ನೇ ಎತ್ತದವನ ಸಹವಾಸ ಬೇಡ.

ಹೆಚ್ಚು ವಾಟ್ ಕೊಟ್ಟರೆ ಸುಟ್ಟುಹೋಗುತ್ತೀರಂತೆ?

ಬಲ: ನಮ್ಮವರಲ್ಲಿ ಟ್ವೀಟರ್ ಕಳಕೊಂಡವರನ್ನು ವಿಚಾರಿಸಿ. ಎಷ್ಟೋ ಮಂದಿ ಬಡಕಲು ಆಂಪ್ಲಿಫೈಯರಿನ ಕೈಗೆ ಸಿಕ್ಕವರು. ಹುಟ್ಟುಹಬ್ಬದ ರಾತ್ರಿ 15 ವಾಟಿನದನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಅದು ಕೊಡಲಾರದೆ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ, ಅದೇ ಕ್ಲಿಪ್ಪಿಂಗ್. ಆ ಕತ್ತರಿಸಿದ ಅಂಚಿನ ಕರ್ಕಶವೆಲ್ಲ ಟ್ವೀಟರಿನ ಪಾಲು. ಅದರ ತಂತಿಯೋ ಕೂದಲೆಳೆ. ದೊಡ್ಡ ಆಂಪ್ಲಿಫೈಯರೂ ಕೊಲ್ಲಬಲ್ಲದು. ವಾಲ್ಯೂಮ್ ತಿರುಗಿಸುವವರಿಗೆ ಕಿವಿ ಇದ್ದರೆ ಕೊಲ್ಲುವುದಿಲ್ಲ.

ದುಬಾರಿ ಕೇಬಲ್?

ಎಡ: ತಾಮ್ರದ್ದಿರಲಿ, ದಪ್ಪಗಿರಲಿ, ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಉಲ್ಟಾ ಆದರೆ ನಾನು ಮುಂದೆ ತಳ್ಳುವಾಗ ಇವರು ಹಿಂದೆ ಎಳೆಯುತ್ತಾರೆ, ಬೇಸ್ ಮಾಯ.

ಬಲ: ಅಂಗಡಿಯ ಡೆಮೋದಲ್ಲಿ ಹಾಗೇ ಆಗಿತ್ತು. ಸೇಲ್ಸ್‌ಮನ್ ಅದೇ ನೆಪದಲ್ಲಿ ಸಬ್‌ವೂಫರ್ ಮಾರಲು ಹೊರಟಿದ್ದ.

ಯಜಮಾನರಿಗೆ ಏನಾದರೂ ಹೇಳುವುದಿದೆಯೆ?

ಎಡ: ಮೊದಲು ಈ ಶೋಕೇಸಿನಿಂದ ನಮ್ಮನ್ನು ಬಿಡಿಸಿ. ಬೆನ್ನಿನ ಪೋರ್ಟಿಗೆ ಗೋಡೆ ಅಡ್ಡ, ಮುಖಕ್ಕೆ ದಸರಾ ಬೊಂಬೆ. ಎಂಥ ಆಂಪ್ಲಿಫೈಯರ್ ಬಂದರೂ ಬೇಸ್ ಗುಂಯ್‌ಗುಡುತ್ತದೆ, ಬೈಗುಳ ಮಾತ್ರ ಅದಕ್ಕೆ. ಕಿವಿಯ ಎತ್ತರಕ್ಕೆ ಎರಡು ಸ್ಟ್ಯಾಂಡ್ ತನ್ನಿ, ಗೋಡೆಯಿಂದ ಒಂದಡಿ ಮುಂದಿಡಿ.

ಬಲ: ಆಂಪ್ಲಿಫೈಯರ್ ತರಲು ಹೋಗುವಾಗ ನಮ್ಮನ್ನೂ ಕರೆದುಕೊಂಡು ಹೋಗಿ. ಅಂಗಡಿಯ ಲಕ್ಷ ರೂಪಾಯಿ ಸ್ಪೀಕರಿಗೆ ಹಾಕಿ ಕೇಳಿಸಿದ್ದು ನಮಗೆ ಒಗ್ಗುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು? ಇಬ್ಬರೂ ಸೇರಿ ಹತ್ತು ಕೆಜಿ, ಸ್ಕೂಟರಿನಲ್ಲೂ ಹಿಡಿಸುತ್ತೇವೆ.