ಕರಡಿ, ಮೋಟರು ಮತ್ತು ಮೊಬೈಲು

ಆಕಾಶ ನೋಡುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿದವನ ಕತ್ತು ಹುಟ್ಟಾ ಸ್ವಲ್ಪ ಮೇಲಕ್ಕೇ ತಿರುಗಿರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದು ಮೇಲಿನ ಸಾಲಿನಲ್ಲೇ ಇರುತ್ತದೆ. ಶಾಲೆಯಲ್ಲಿ ಇದನ್ನು ಓದುವಾಗ, ಯಾವುದರಲ್ಲಾದರೂ ಮುಂದಿದ್ದೇವಲ್ಲ ಎಂದು ಒಂಥರಾ ಹೆಮ್ಮೆಯೂ ಆಗುತ್ತಿತ್ತು.

ಈಚೆಗೆ ಕತ್ತೆತ್ತಲು ಇನ್ನೊಂದು ನೆಪ ಸಿಕ್ಕಿದೆ. 2023ರ ಏಪ್ರಿಲ್ 2ರ ಬೆಳಗ್ಗೆ ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ನೆಲೆಯ ಮೇಲೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದವರ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟಿತು. ಒಳಗೆ ನರಪಿಳ್ಳೆಯೂ ಇಲ್ಲ. ಅದು ತಾನಾಗಿ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಮರುವರ್ಷ ‘ಪುಷ್ಪಕ್’ ಎಂಬ ಹೆಸರು ಹೊತ್ತು ಎರಡು ಸಲ ಇಳಿಯಿತು. ಪುಷ್ಪಕ ವಿಮಾನ ನಮ್ಮ ಕಾವಲಿಗೇ ಬಂದಿದೆಯೆಂದು ಹೇಳಿದರೆ ನಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಅದಕ್ಕೆ ಮೋಡ ಗೀಡ ಏನಾರ ಕಾಣಿಸ್ತಂತೇನಪ್ಪ?”

ಆ ಕಾವಲಿನ ಕಥೆ ಬೇರೆಯೇ ಇದೆ. ಅಮೃತಮಹಲ್ ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆಗಳು ಎದ್ದವು, ಜಗಳ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುದಾಪುರದ 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ; ಹಳ್ಳಿ ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ಅಲ್ಲಿ ತರಬೇತಿ ಪಡೆದು ಬರುತ್ತಾರೆ. ಅದನ್ನೆಲ್ಲ ಬರೆಯಲು ಇನ್ನೊಬ್ಬರು ಬೇಕು. ನನ್ನ ಕಣ್ಣು ಬಿದ್ದಿರುವುದು ಜೇಬಿನಲ್ಲಿ ಹಿಡಿಯುವ ಯಂತ್ರಗಳ ಮೇಲೆ. ಜನಕ್ಕೆ ಒಳ್ಳೆಯದು ಮಾಡಿಯೇ ತೀರುತ್ತೇವೆಂದು ಬೆಂಗಳೂರಿನಲ್ಲಿ ಹುಡುಗರು ಕಟ್ಟುತ್ತಿರುವ ಕಂಪನಿಗಳು, ಅವರು ಬಿಡುವ ಆ್ಯಪ್‌ಗಳು ಹಿರಿಯೂರು ದಾಟಿ ನಮ್ಮೂರು ತಳಕಿಗೆ ಬಂದಾಗ ಅವುಗಳ ಗತಿ ಏನಾಗುತ್ತದೆ ಎಂಬುದನ್ನು ನೋಡುವ ಚಟ ನನಗೆ.

ಗೆದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೋಟರಿಗೆ ಫೋನ್ ಮಾಡುವ ಪೆಟ್ಟಿಗೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಸರಿರಾತ್ರಿಯಲ್ಲಿ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ದೊಡ್ಡಪ್ಪ ಕೈಯಲ್ಲಿ ಬ್ಯಾಟ್ರಿ, ಕಂಕುಳಲ್ಲಿ ಕೋಲು, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು ಹೊರಟರೆ ದಾರಿಯುದ್ದಕ್ಕೂ ಜೋರಾಗಿ ಕೆಮ್ಮುತ್ತ ಹೋಗುತ್ತಿದ್ದರು. ಕೆಮ್ಮು ಕರಡಿಗಾಗಿ. ನಮ್ಮ ಗುಡ್ಡಗಳ ಕರಡಿಗೆ ಶೇಂಗಾ ಹೊಲದ ದಾರಿ ಮನುಷ್ಯರಿಗಿಂತ ಚೆನ್ನಾಗಿ ಗೊತ್ತು. ಅದು ತಾನಾಗಿ ಮೈಮೇಲೆ ಬೀಳುವ ಪ್ರಾಣಿಯಲ್ಲ, ಆದರೆ ಹೇಳದೆ ಕೇಳದೆ ಎದುರಿಗೆ ಹೋದರೆ ಗಾಬರಿಯಾಗುತ್ತದೆ. ಹಾಗಾಗಿ ದೊಡ್ಡಪ್ಪ ಕೆಮ್ಮಿ ತಿಳಿಸುತ್ತಿದ್ದರು.

ಪುಣೆಯಲ್ಲಿ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರ್ ಇದ್ದಾರೆ. ಅವರ ತಾತನೂ ಹೀಗೆಯೇ ಹೊತ್ತುಗೊತ್ತಿಲ್ಲದೆ ಮೋಟರ್ ಹಾಕಲು ನಡೆಯುತ್ತಿದ್ದವರು. ಆ ಕಾಲುನೋವು ನೋಡಿ ಮೊಮ್ಮಗ ‘ನ್ಯಾನೋ ಗಣೇಶ್’ ಎಂಬ ಸಾಧನ ಮಾಡಿದರು. ಸ್ಟಾರ್ಟರಿಗೆ ಸಿಮ್ ಇರುವ ಪೆಟ್ಟಿಗೆ ಜೋಡಿಸುವುದು, ಮನೆಯಿಂದ ಅದಕ್ಕೆ ಫೋನ್ ಹಚ್ಚುವುದು. ಕರೆಂಟು ಇದೆಯೋ ಇಲ್ಲವೋ ಶಬ್ದದಲ್ಲೇ ಹೇಳುತ್ತದೆ. ನಂಬರ್ ಒತ್ತಿದರೆ ಮೋಟರ್ ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಈಗ ಅದೇ ಜಾತಿಯ ಪೆಟ್ಟಿಗೆಗಳು ಹತ್ತಾರು ಬಂದಿವೆ. ಸ್ಮಾರ್ಟ್‌ಫೋನ್ ಬೇಡ, ಇಂಗ್ಲಿಷ್ ಬೇಡ, ಗುಂಡಿಯ ಹಳೇ ಡಬ್ಬಾ ಫೋನ್ ಸಾಕು.

ದೊಡ್ಡಪ್ಪ ಅಂಥದ್ದೊಂದನ್ನು ಹಾಕಿಸಿದ ಮೇಲೆ ಮನೆಗೆ ಹೊಸ ಸದಸ್ಯನೊಬ್ಬ ಸೇರಿದಂತಾಯಿತು. ದೊಡ್ಡಪ್ಪನ ಫೋನಿನಲ್ಲಿ ಅದರ ಹೆಸರು ‘ಬಾವಿ’. ಮಕ್ಕಳ ಫೋನಿಗೆ ಕರೆನ್ಸಿ ಹಾಕಿಸಲು ಗೊಣಗುವವರು ಬಾವಿಗೆ ಮಾತ್ರ ತಪ್ಪದೆ ಹಾಕಿಸುತ್ತಾರೆ. ಒಂದು ದಿನ ಬಾವಿ ಸಿಗಲಿಲ್ಲ, ಎಂಗೇಜ್ ಬಂತು. ಯಾರೋ ಸಾಲ ಬೇಕೇ ಎಂದು ಕೇಳಲು ಮೋಟರಿಗೇ ಫೋನ್ ಮಾಡಿದ್ದಿರಬೇಕು ಎಂಬುದು ನಮ್ಮ ಅನುಮಾನ. “ಕೊಡ್ತಾರೆ ಅಂದ್ರೆ ಅದರ ಹೆಸರಿಗೇ ತಗಾ, ನಿನ್ ಹೆಸರಲ್ಲಿ ಆಗ್ಲೇ ಐತಲ್ಲ” ಎಂದರು ದೊಡ್ಡಮ್ಮ. ಅವರಿಗೆ ಒಳಗೊಳಗೇ ಸಿಟ್ಟು, ಈ ಮನುಷ್ಯ ತನಗಿಂತ ಬಾವಿಯ ಜೊತೆ ಹೆಚ್ಚು ಮಾತಾಡುತ್ತಾನೆಂದು.

ಪೆಟ್ಟಿಗೆ ದೊಡ್ಡಪ್ಪನ ಕಾಲು ಉಳಿಸಿತು, ಕರಡಿಗೂ ನೆಮ್ಮದಿ ಕೊಟ್ಟಿತು. ನೀರು ಉಳಿಸಲಿಲ್ಲ. ಎದ್ದು ಹೋಗಬೇಕಿದ್ದಾಗ ಸೋಮಾರಿತನಕ್ಕಾದರೂ ಒಂದು ದಿನ ಬೋರಿಗೆ ಬಿಡುವು ಸಿಗುತ್ತಿತ್ತು. ಮಲಗಿದಲ್ಲೇ ಬೆರಳು ಒತ್ತಿದರೆ ಸಾಕೆಂದಾದ ಮೇಲೆ ಕರೆಂಟು ಬಂದ ಕ್ಷಣಕ್ಕೆ ಸೀಮೆಯ ಮೋಟರೆಲ್ಲ ಒಟ್ಟಿಗೆ ಏಳುತ್ತವೆ, ಟ್ರಾನ್ಸ್‌ಫಾರ್ಮರ್ ಢಂ ಎನ್ನುತ್ತದೆ. ಕೆಳಗೆ ನೀರಿಲ್ಲದ ಬೋರಿಗೆ ಎಷ್ಟು ಸಲ ಫೋನ್ ಮಾಡಿದರೂ ಅದು ಎತ್ತುವುದು ಗಾಳಿಯನ್ನೇ.

ನೀರೆಂದ ಕೂಡಲೇ ಹುಬ್ಬಳ್ಳಿ ನೆನಪಾಯಿತು. ಅಲ್ಲಿ ನಲ್ಲಿಗೆ ನೀರು ಬರುತ್ತಿದ್ದುದು ಹಲವು ದಿನಗಳಿಗೊಮ್ಮೆ, ಅದೂ ಯಾವ ಹೊತ್ತಿಗೆಂದು ಗೊತ್ತಿಲ್ಲದೆ. ಅಮೆರಿಕದ ಬರ್ಕ್ಲಿಯಲ್ಲಿ ಓದಿದ ಹುಡುಗ ಹುಡುಗಿಯರು ಸುಮಾರು 2010ರಲ್ಲಿ ಅಲ್ಲಿಗೆ ಬಂದು ‘ನೆಕ್ಸ್ಟ್‌ಡ್ರಾಪ್’ ಎಂಬ ಕಂಪನಿ ಕಟ್ಟಿದರು. ಉಪಾಯ ಬಹಳ ಸರಳ. ವಾಲ್ವ್ ತಿರುಗಿಸುವವನು ತಿರುಗಿಸುವ ಮುಂಚೆ ಒಂದು ಫೋನ್ ಮಾಡಿ ಹೇಳುವುದು, ಆ ಬೀದಿಯ ಮನೆಗಳಿಗೆಲ್ಲ ‘ಇನ್ನೇನು ನೀರು ಬರುತ್ತದೆ’ ಎಂದು ಎಸ್ಸೆಮ್ಮೆಸ್ ಹೋಗುವುದು. ಮದುವೆಗೆ ಹೋದವರು ಧಾರೆ ಮುಗಿದ ಕೂಡಲೇ ಊಟ ಬಿಟ್ಟು ಓಡಬೇಕಾಗಿಲ್ಲ. ದೇಶವಿದೇಶದಲ್ಲೆಲ್ಲ ಹೊಗಳಿಕೆ ಬಂತು. ಮುಂದೆ ಅದೇ ಯೋಜನೆ ಬೆಂಗಳೂರಿಗೂ ಹೋಯಿತು. ಇದರಿಂದ ಜನಕ್ಕೆ ಎಷ್ಟು ಉಪಯೋಗವಾಯಿತೆಂದು ಸಂಶೋಧಕರು ಅಲ್ಲಿ ಮನೆಮನೆಗೆ ಹೋಗಿ ನೋಡಿದರೆ, ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಕೆಲವು ವಾಲ್ವ್‌ಮನ್‌ಗಳು ಸರಿಯಾಗಿ ಫೋನ್ ಮಾಡುತ್ತಿರಲಿಲ್ಲ. ಎಸ್ಸೆಮ್ಮೆಸ್ ಹೋದ ಕಡೆಯೂ ಅನೇಕ ಸಲ ಅದು ಕೆಲಸಕ್ಕೆ ಹೋದ ಗಂಡಸಿನ ಜೇಬು ಸೇರುತ್ತಿತ್ತು. ಕೊಡ ಹಿಡಿದು ಕಾಯುವವಳು ಮನೆಯಲ್ಲಿ ಕಾಯುತ್ತಲೇ ಇದ್ದಳು.

ನಾನು ಇದನ್ನು ಓದಿ ನಕ್ಕೆ, ಆಮೇಲೆ ವಾಲ್ವ್‌ಮನ್ ಕಡೆಗೆ ನಿಂತು ಯೋಚಿಸಿದೆ. ಬಿಸಿಲಲ್ಲಿ ಸೈಕಲ್ ತುಳಿದು ಬೀದಿಬೀದಿ ಸುತ್ತಿ ಕಬ್ಬಿಣದ ಕೀಲಿ ತಿರುಗಿಸುವವನಿಗೆ ಇನ್ನೊಂದು ಕೆಲಸ ಹೆಚ್ಚಾಯಿತು. ಜೊತೆಗೆ, ನೀರು ತಡವಾದರೆ ಯಾರನ್ನು ಬೈಯಬೇಕೆಂಬುದೂ ಬೀದಿಗೆಲ್ಲ ಖಚಿತವಾಯಿತು. ಫೋನ್ ಯಾಕೆ ಮಾಡಿಯಾನು?

ನಡುವೆ ನಿಲ್ಲುವ ಇಂಥ ಮನುಷ್ಯನ ಕಥೆ ನಮ್ಮ ಸೀಮೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ತಳಕಿನಿಂದ ಆಚೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ನಾನು ಅವನ್ನು ಈ ನಾಡಿನ ಮೊದಲ ಫಾರ್ವರ್ಡ್ ಮೆಸೇಜ್ ಎಂದೇ ಎಣಿಸಿದ್ದೇನೆ. ದೊರೆಯ ಮಾತನ್ನು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ದಾಟಿಸುತ್ತಾರೆ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ವಿಷಯ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಗುರುವಿಗೆ ಗೌರವ ಕೊಡಬೇಕು. ಗುಲಾಬಿ ಹೂವಿನ ಚಿತ್ರವೊಂದಿದ್ದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬೆಳಗ್ಗೆ ಆರಕ್ಕೆ ಬರುವುದಕ್ಕೂ ಇದಕ್ಕೂ ವ್ಯತ್ಯಾಸವೇ ತಿಳಿಯದು.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಂದಿನ ನಮ್ಮ ಕುರಿ ಕಾಯುವವನಿಗೆ ಅದು ಅರ್ಥವಾಗಿದ್ದರೆ ಆಶ್ಚರ್ಯವೇ. ಕೆತ್ತಿದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿ, ತಾನು ಲಿಪಿಕಾರನೆಂಬುದನ್ನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಗಡಿಯ ಕಡೆಯ ಆ ಲಿಪಿಯನ್ನು ಬ್ರಹ್ಮಗಿರಿಯ ಬುಡದಲ್ಲಿ ಓದಬಲ್ಲವನು ಪ್ರಾಯಶಃ ಅವನೊಬ್ಬನೇ. ಕನ್ನಡದ ಆ್ಯಪ್ ಎಂದು ಹೇಳಿ, ಕೊನೆಯ ಪುಟದಲ್ಲಿ ಮುಖ್ಯವಾದ ಷರತ್ತನ್ನೆಲ್ಲ ಇಂಗ್ಲಿಷಿನಲ್ಲೇ ಇಡುವವರನ್ನು ಕಂಡಾಗ ನನಗೆ ಚಪಡನೇ ಕಣ್ಮುಂದೆ ಬರುತ್ತಾನೆ. ಆದರೆ ಅಶೋಕನ ಆಡಳಿತ ಬಂಡೆಯನ್ನಷ್ಟೇ ನಂಬಿ ಕೂರಲಿಲ್ಲ. ಕರ್ನೂಲು ಸೀಮೆಯ ಎರ್ರಗುಡಿಯ ಶಾಸನದಲ್ಲಿ, ಅಧಿಕಾರಿಗಳು ಭೇರಿ ಬಾರಿಸಿ ಜನಕ್ಕೆ ಇದನ್ನು ತಿಳಿಸಬೇಕೆಂಬ ಅಪ್ಪಣೆ ಇದೆ. ಅಂದರೆ ಡಂಗುರ. ಕಣ್ಣಿಗೆ ಬರೆದದ್ದನ್ನು ಕಿವಿಗೆ ಮುಟ್ಟಿಸಲು ಒಬ್ಬ ಮನುಷ್ಯ ಬೇಕೆಂಬುದು ಆ ಸರ್ಕಾರಕ್ಕೆ ತಿಳಿದಿತ್ತು.

ಕಿವಿಯ ಮಾತಿಗೆ ಬಂದರೆ, ನಮ್ಮೂರ ಮಂಡಕ್ಕಿ ಅಂಗಡಿಯ ಅಜ್ಜಿಯ ಪಕ್ಕದಲ್ಲಿ ಈಗ ಒಂದು ಮಾತಾಡುವ ಡಬ್ಬಿ ಕೂತಿದೆ. ಯಾರಾದರೂ ಫೋನಿನಿಂದ ದುಡ್ಡು ಹಾಕಿದರೆ ಇಷ್ಟು ರೂಪಾಯಿ ಬಂತೆಂದು ಕೂಗುತ್ತದೆ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಬ್ಯಾಂಕಿನ ಮೆಸೇಜನ್ನು ಜನ್ಮದಲ್ಲಿ ನಂಬಿದವಳಲ್ಲ, ಡಬ್ಬಿಯನ್ನು ನಂಬುತ್ತಾಳೆ. ಮೆಣಸಿನಕಾಯಿ ಎಷ್ಟು ತಿಂದಿರೆಂಬುದು ಇದರಿಂದ ಊರಿಗೇ ತಿಳಿಯುತ್ತದೆ. ಡಾಕ್ಟರು ಬಜ್ಜಿ ಬೇಡವೆಂದಿರುವ ನನ್ನಂಥವರು ಚಿಲ್ಲರೆ ಹಿಡಿದುಕೊಂಡು ಹೋಗುತ್ತೇವೆ.

ಡಬ್ಬಿ ಕೂಗುವ ದುಡ್ಡಿನಿಂದ ದುಡಿದ ಕೂಲಿಗೆ ಬಂದರೆ, ಆ ವಿಷಯದಲ್ಲಿ ನಮ್ಮ ಕಡೆ ಒಬ್ಬ ದೊಡ್ಡ ಸಂತ ಆಗಿಹೋಗಿದ್ದಾನೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವನು. ಸಂಜೆ ಕೆಲಸ ಮುಗಿದ ಮೇಲೆ ಕೂಲಿಯವರೆಲ್ಲ ಮರಳಿನ ಗುಡ್ಡೆ ಮಾಡಬೇಕು, ಗುಡ್ಡೆ ಕೆದಕಿದರೆ ಅವರವರು ದುಡಿದಷ್ಟೇ ಹಣ ಸಿಗುತ್ತಿತ್ತು ಎಂದು ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಇಂದಿಗೂ ಅವನ ಹೆಸರಿನಲ್ಲಿ ನಿಂತ ಮಾತು. ಮೇಟಿಯಿಲ್ಲ, ಮಸ್ಟರ್ ರೋಲ್ ಇಲ್ಲ, ನೆಟ್‌ವರ್ಕಿನ ಗೊಡವೆಯೂ ಇಲ್ಲ.

ಸರ್ಕಾರಿ ಕೂಲಿಯ ಲೆಕ್ಕ ಅಷ್ಟು ಸಲೀಸಲ್ಲ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಗೆ ಮೊಬೈಲ್ ಆ್ಯಪ್ ಕಡ್ಡಾಯವಾಯಿತು. ಬೆಳಗ್ಗೆ ಒಂದು ಫೋಟೊ, ಮಧ್ಯಾಹ್ನದ ಮೇಲೆ ಒಂದು ಫೋಟೊ, ಜಾಗದ ಗುರುತಿನ ಸಮೇತ. ಬೇಗ ಅಗೆದು ಮುಗಿಸಿದ ಹೆಂಗಸರೂ ಎರಡನೇ ಫೋಟೊಕ್ಕಾಗಿ ಜಾಲಿಮರದ ನೆರಳಲ್ಲಿ ಕೂತಿರಬೇಕಾಯಿತು. ಹಾಜರಿ ಹಾಕುವ ಕಾಯಕಬಂಧು ಫೋನನ್ನು ಮೇಲಕ್ಕೆತ್ತಿ ಸಿಗ್ನಲ್ ಹುಡುಕುತ್ತಿದ್ದಳು. ಕಳ್ಳತನ ತಡೆಯಲೆಂದು ತಂದ ಉಪಾಯವಿದು. ಫೋಟೊದ್ದೇ ಫೋಟೊ ಹೊಡೆದು ಹಾಕುವ ಜಾಣರು ದೇಶದಲ್ಲಿ ಹುಟ್ಟಿಕೊಂಡರೆಂದು 2025ರಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ನನ್ನ ಮತ ಕೇಳಿದರೆ ಮರಳಿನ ಗುಡ್ಡೆಗೇ ಹಾಕುತ್ತೇನೆ.

ಆ ಮರಳಿನ ಗುಡ್ಡೆಯ ಧಾಟಿಗೆ ಹತ್ತಿರ ಬರುವ ಹೊಸಬರೂ ಇದ್ದಾರೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಹಳ್ಳಿಯವರ ಕೈಯಲ್ಲಿ ಫೋನ್ ಕೊಟ್ಟು ಕನ್ನಡದ ವಾಕ್ಯಗಳನ್ನು ಓದಿಸಿ ಧ್ವನಿ ಮುದ್ರಿಸಿಕೊಳ್ಳುತ್ತದೆ, ಯಂತ್ರಗಳಿಗೆ ಕನ್ನಡ ಕಲಿಸಲು. ಗಂಟೆಗೆ ಸುಮಾರು ಐದು ಡಾಲರ್ ಲೆಕ್ಕದಲ್ಲಿ ಕೂಲಿ; ಆ ಧ್ವನಿ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು. ಬಾಯಿ ಮಾತಿಗೆ ದುಡ್ಡು ಕೊಡುತ್ತಾರೆಂದರೆ ನಮ್ಮ ಅರಳಿಕಟ್ಟೆ ಇಷ್ಟು ಹೊತ್ತಿಗೆ ಕೋಟ್ಯಧೀಶವಾಗಬೇಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆಗೂಡಿ ‘ವಾಣಿ’ ಎಂಬ ಹೆಸರಲ್ಲಿ ಜಿಲ್ಲೆಜಿಲ್ಲೆಯ ಮಾತು ಸಂಗ್ರಹಿಸುತ್ತಿದ್ದಾರೆ. ನಮ್ಮ ಕಡೆಯವರನ್ನು ಮಾತಾಡಿಸುವ ಯಂತ್ರಕ್ಕೆ ನನ್ನ ಸಹಾನುಭೂತಿ ಇದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಏರಿ ಮತ್ತೆ ಕನ್ನಡದಲ್ಲಿ ರಾಜಿಯಾಗುತ್ತದೆ. ಯಾವ ಭಾಷೆಯೆಂದು ಕೇಳಿದರೆ ಇಬ್ಬರಿಗೂ ಗೊತ್ತಿರುವುದಿಲ್ಲ.

ಯಂತ್ರ ಕಲಿಯುವವರೆಗೆ ನಮಗೆ ಗತಿ ಬಸ್‌ಸ್ಟ್ಯಾಂಡ್ ಬಳಿಯ ಝೆರಾಕ್ಸ್ ಅಂಗಡಿಯ ಹುಡುಗ. ಪಹಣಿ, ಬೆಳೆವಿಮೆ, ಪಿಂಚಣಿ, ಮಗಳ ಸ್ಕಾಲರ್‌ಶಿಪ್, ಎಲ್ಲವೂ ಅವನ ಬೆರಳ ತುದಿಯಲ್ಲಿ. ಕಳೆ ಕಿತ್ತು ರೇಖೆ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದಿದ್ದಾಗ, “ನನ್ ಬೆಳ್ಳು ನಂದಲ್ಲ ಅಂತೈತೇನೋ ಇದು” ಎಂದು ಗಾಬರಿಯಾದ ಅಜ್ಜಿಯೊಬ್ಬಳ ಕೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮತ್ತೆ ಒತ್ತಿಸುವವನು ಅವನು. ಒಟಿಪಿ ಬಂದರೆ ಓದುವವನು, ಬೇರೆ ಯಾರಾದರೂ ಕೇಳಿದರೆ ಹೇಳಬೇಡವೆಂದು ಗದರುವವನೂ ಅವನೇ. ಬೆಂಗಳೂರಿನಲ್ಲಿ ಬಹುಮಾನ ಪಡೆದ ಎಷ್ಟೋ ಆ್ಯಪ್ ತಳಕಿನಲ್ಲಿ ನಡೆಯುತ್ತಿರುವುದು ಇವನ ಕೈಯಿಂದ, ಇವನಿಗೆ ಸಿಗುವ ಹತ್ತಿಪ್ಪತ್ತು ರೂಪಾಯಿಯಲ್ಲಿ.

ನಡುವೆ ನಿಂತು ದಾಟಿಸುವವರಿಗೆ ನಮ್ಮೂರು ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ ವೆಂಕಣ್ಣಯ್ಯನವರು ತಳಕಿನವರು. ತಾವು ಬರೆದದ್ದಕ್ಕಿಂತ ಶಿಷ್ಯರಿಂದ ಬರೆಸಿದ್ದೇ ಹೆಚ್ಚು. ಅವರು ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷದ ಮೇಲೆ ಬಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ. ಝೆರಾಕ್ಸ್ ಹುಡುಗನಿಗೆ ಮಹಾಕಾವ್ಯ ಬೇಡ, ತಿಂಗಳಿಗೊಂದು ಸಂಬಳ ಸಾಕು.

ಹಾಗಾಗಿ ಆ್ಯಪ್ ಮಾಡುವ ಮಕ್ಕಳಲ್ಲಿ ನನ್ನದೊಂದು ಅರ್ಜಿ. ನಿಮ್ಮ ಖರ್ಚುವೆಚ್ಚದ ಪಟ್ಟಿಯಲ್ಲಿ ಆ ಹುಡುಗನಿಗೆ, ವಾಲ್ವ್ ತಿರುಗಿಸುವವನಿಗೆ, ಫೋನೆತ್ತಿ ನಿಂತ ಕಾಯಕಬಂಧುವಿಗೆ ಒಂದೊಂದು ಸಾಲು ಇಡಿ. ನಿಮ್ಮ ಆ್ಯಪ್ ಮಾತಾಡಲಿ, ನಮ್ಮ ಮಾತನ್ನು ಕೇಳಲಿ. ಬಿಡುಗಡೆ ಮಾಡುವ ಮುಂಚೆ ಮಂಡಕ್ಕಿ ಅಂಗಡಿಯ ಅಜ್ಜಿಯ ಕೈಗೆ ಒಮ್ಮೆ ಕೊಟ್ಟು ನೋಡಿ, ಅವಳು ಮುಲಾಜಿಲ್ಲದೆ ಹೇಳುತ್ತಾಳೆ. ತಳಕು ಚಳ್ಳಕೆರೆ ದಾಟಿದ ಮೇಲೆ ಬಳ್ಳಾರಿ ಹೆದ್ದಾರಿಯಲ್ಲೇ ಸಿಗುತ್ತದೆ. ಎಕ್ಸ್‌ಪ್ರೆಸ್ ಬಸ್ಸನ್ನು ಇಲ್ಲಿ ನಿಲ್ಲಿಸುವುದು ಬಿಡುವುದು ಕಂಡಕ್ಟರ್ ಮನಸ್ಸಿಗೆ ಬಿಟ್ಟಿದ್ದು, ಹತ್ತುವಾಗಲೇ ಕೇಳಿಕೊಳ್ಳಿ.